ಬಸಮ್ಮನ ಅಳತೆ

ದೊಡ್ಡನೆಕ್ಕುಂದಿಯ ಶೋಭಾರಾಣಿಗೆ ತನ್ನ ಕಣ್ಣಿನ ಮೇಲೆ ಎಷ್ಟು ನಂಬಿಕೆಯೋ ತನ್ನ ಬಾಯಿಯ ಮೇಲೂ ಅಷ್ಟೇ ಹಿಡಿತ. ಇಪ್ಪತ್ತೆರಡು ವರ್ಷ ಹೆಂಗಸರ ಬ್ಲೌಸು ಹೊಲಿದವಳಿಗೆ ಹೆಂಗಸರ ಸಮಾಚಾರ ತಿಳಿಯದೆ ಇರುತ್ತದೆಯೇ? ಸೊಸೆ ಬಸುರಿಯೆಂದು ಅತ್ತೆಗೆ ಗೊತ್ತಾಗುವ ಮೊದಲೇ ಇವಳಿಗೆ ಗೊತ್ತಿರುತ್ತಿತ್ತು. ಯಾರ ತೋಳಿನ ಮೇಲೆ ಗಂಡನ ಬೆರಳಿನ ಗುರುತಿದೆ, ಯಾರು ಚಿಂತೆ ಹಚ್ಚಿಕೊಂಡು ಸೊರಗುತ್ತಿದ್ದಾರೆ, ಎಲ್ಲವೂ ಕಣ್ಣಿಗೆ ಬೀಳುತ್ತಿತ್ತು. ಬಿದ್ದದ್ದು ಅಲ್ಲೇ ಉಳಿಯುತ್ತಿತ್ತು.

"ನೋಡಿದ್ದು ಕಣ್ಣಲ್ಲೇ ಇರ್ಬೇಕು, ನಾಲ್ಗೆಗೆ ಇಳೀಬಾರ್ದು. ಇಳಿದ್ರೆ ನಾಳೆ ಅಂಗ್ಡಿಗೆ ಯಾವೋಳ್ ಬತ್ತಾಳೆ?" ಎಂದು ಮಗಳು ಮಂಜುಶ್ರೀಗೆ ಪಾಠ ಹೇಳುತ್ತಿದ್ದಳು. ಊರಿನಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತೆಂದರೆ ಅರ್ಧ ಹೊಲಿಗೆಗೆ, ಇನ್ನರ್ಧ ಈ ಸುಮ್ಮನಿರುವ ಗುಣಕ್ಕೆ. ಮಾತು ಬೆಳ್ಳಿ, ಮೌನ ಬಂಗಾರ ಅಂತ ದೊಡ್ಡವರು ಹೇಳಿಟ್ಟು ಹೋಗಿದ್ದಾರೆ. ಬಂಗಾರವೂ ಕುತ್ತಿಗೆಗೆ ಉರುಳಾಗಬಹುದೆಂದು ಅವರು ಹೇಳಲಿಲ್ಲ, ಇವಳು ಯೋಚಿಸಲೂ ಇಲ್ಲ.

ಅಂಗಡಿ ಎಂದರೆ ಮನೆಯ ಕೆಳಗಿನ ಒಂದು ಶಟರು. ಗಂಡನ ಮನೆಯವರ ರಾಗಿ ಹೊಲವಿದ್ದ ಕಡೆ ಈಗ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟು ನಿಂತಿದೆ, ಅದರ ಹೆಂಗಸರೇ ಇವಳ ಗಿರಾಕಿಗಳು. ಅಲ್ಲಿಯವರಾಗಲಿ ಹಳೇ ಊರಿನವರಾಗಲಿ, ಮೈಯಳತೆ ತೆಗೆಸಿಕೊಳ್ಳುವವರು ಕಡಿಮೆ. ಮೈಸುತ್ತ ಟೇಪು ಹಿಡಿಸಿಕೊಂಡು ನಿಲ್ಲಲು ಯಾರಿಗೆ ಇಷ್ಟ? ಬ್ಲೌಸ್ ಪೀಸಿನ ಜೊತೆಗೆ ತಮಗೆ ಚೆನ್ನಾಗಿ ಕೂರುವ ಹಳೆಯ ಬ್ಲೌಸೊಂದನ್ನು ಕವರಿಗೆ ಹಾಕಿ ಕೊಟ್ಟು, "ಇದರ ಹಾಗೇ ಹೊಲಿದುಬಿಡು" ಎಂದು ಹೋಗುತ್ತಾರೆ. ಅದು ಅಳತೆ ಬ್ಲೌಸು. ಕೆಲವರ ಅಳತೆ ಬ್ಲೌಸು ಹತ್ತು ವರ್ಷದ್ದು. ತೊಟ್ಟವಳು ಬದಲಾದರೂ ಅಳತೆ ಬದಲಾಗುವುದಿಲ್ಲ. ಶೋಭಾರಾಣಿ ಕೊಟ್ಟ ಬಟ್ಟೆಯನ್ನು ನಂಬಿ ಹೊಲಿಯುತ್ತಿದ್ದಳು. ಟ್ರಯಲ್ ನೋಡುವ ಪದ್ಧತಿಯೂ ಇರಲಿಲ್ಲ.

ಮಂಜುಶ್ರೀ ಫ್ಯಾಷನ್ ಡಿಪ್ಲೊಮಾ ಮುಗಿಸಿ ವೈಟ್‌ಫೀಲ್ಡಿನ ಒಂದು ಬೊಟಿಕ್‌ಗೆ ಕೆಲಸಕ್ಕೆ ಸೇರಿದ ವರ್ಷ ಮನೆಗೊಂದು ಬಾಗುವ ಪಟ್ಟಿ ತಂದಳು. ಮೊಳಕ್ಕಿಂತ ಸ್ವಲ್ಪ ಉದ್ದ, ಬೆರಳಿನ ದಪ್ಪ, ನೀಲಿ ರಬ್ಬರಿನ ಮೈ, ಅದರ ಮೇಲೆ ಸೆಂಟಿಮೀಟರಿನ ಗೀರುಗಳು. ಒಳಗೆ ಸೀಸದ ಸರಳಿದೆಯಂತೆ. ಹೇಗೆ ಬಗ್ಗಿಸಿದರೆ ಹಾಗೆ ಬಗ್ಗುತ್ತದೆ, ಕೈ ಬಿಟ್ಟ ಮೇಲೂ ಹಾಗೇ ನಿಲ್ಲುತ್ತದೆ. ಅಳತೆ ಬ್ಲೌಸಿನ ಕಂಕುಳ ಸುತ್ತಿನ ಹೊಲಿಗೆಗೆ ಅದನ್ನು ಒತ್ತಿ ಕೂರಿಸಿ, ಎತ್ತಿ ಕಂದು ಕಾಗದದ ಮೇಲಿಟ್ಟು ಪೆನ್ಸಿಲ್ ಎಳೆದರೆ, ತೋಳು ಕೂಡುವ ಆ ಬಾಗಿದ ಗೀರು ಇದ್ದ ಹಾಗೇ ಇಳಿಯುತ್ತದೆ.

ಮೊದಲು ಶೋಭಾರಾಣಿ ಮೂಗು ಮುರಿದಳು. "ಇಪ್ಪತ್ತೆರಡು ವರ್ಸ ಕಣ್ಣಳತೇಲಿ ಕತ್ರಿಸಿವ್ನಿ. ಈಗ ಈ ಹಾವು ಬಂದು ನಂಗೆ ಯೇಳ್ಕೊಡ್ತದಾ?"

"ಒಂದ್ಸಲ ಟ್ರೈ ಮಾಡಮ್ಮ ಸುಮ್ನೆ," ಎಂದಳು ಮಗಳು.

ಮಾಡಿದಳು. ಒಂದು ವಾರದಲ್ಲಿ ಅದಿಲ್ಲದೆ ಕತ್ತರಿ ಹಿಡಿಯುವುದೇ ಬಿಟ್ಟಳು. ಕಣ್ಣಳತೆಯಲ್ಲಿ ಕತ್ತರಿಸುವಾಗ ಕೈ ತಾನಾಗಿ ಕಾಲಿಂಚು ಹೆಚ್ಚು ಬಿಡುತ್ತಿತ್ತು, ಇರಲಿ ಅಂತ. ಪಟ್ಟಿ ಬಂದ ಮೇಲೆ ಆ 'ಇರಲಿ' ಹೋಯಿತು. ಹಳೆಯ ಬ್ಲೌಸಿನ ಮೇಲೆ ಹೊಸದನ್ನು ಹಾಸಿದರೆ ಎರಡರ ಕಂಕುಳೂ ಒಂದೇ ಗೀರಿನಂತೆ ಕೂಡಿಕೊಳ್ಳುತ್ತಿತ್ತು. ಅದನ್ನು ಬಂದವರಿಗೆಲ್ಲ ತೋರಿಸಿ ಬೀಗುತ್ತಿದ್ದಳು.

ಬೀಗುವುದನ್ನು ಕಂಡು ಜಾಸ್ತಿ ಛೇಡಿಸುತ್ತಿದ್ದವಳು ಬಸಮ್ಮ. ಕೊಟ್ಟೂರು ಕಡೆಯವಳು. ಗಂಡ ಕೊಟ್ರಪ್ಪನಿಗೆ ಮಹದೇವಪುರದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್ ಕೆಲಸ. ಒಬ್ಬಳೇ ಮಗಳು ಸ್ಪೂರ್ತಿ. ಹದಿನಾಲ್ಕು ವರ್ಷದ ಹಿಂದೆ ಆ ಅಪಾರ್ಟ್‌ಮೆಂಟಿಗೆ ಬಂದಾಗ ಬಸಮ್ಮನ ಮಾತು ಶೋಭಾರಾಣಿಗೆ ಅರ್ಧ ತಿಳಿಯುತ್ತಿರಲಿಲ್ಲ, ಶೋಭಾರಾಣಿಯ ಮಾತಿಗೆ ಬಸಮ್ಮ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಕ್ಕು ನಕ್ಕೇ ಸ್ನೇಹವಾಯಿತು. ಬಸಮ್ಮ ಹಬ್ಬಕ್ಕೊಂದು ಸೀರೆ ಕೊಳ್ಳುವ ಚಟದವಳು. ಸೆರಗಿನ ನೆರಿಗೆ ಎಣಿಸಿದಂತೆ ಮಡಿಚಿ, ಎಡಭುಜದ ಮೇಲೆ ಪಿನ್ನು ಹಾಕಿ, ನೆಟ್ಟಗೆ ನಡೆದು ಬರುತ್ತಿದ್ದಳು. ಅವಳ ಅಳತೆ ಬ್ಲೌಸು ಮೆರೂನ್ ಖಣದ್ದು.

ಮರುವರ್ಷ ಸಂಕ್ರಾಂತಿಯಿಂದ ಬಸಮ್ಮ ಕಾಣಲಿಲ್ಲ. ದಾವಣಗೆರೆಯ ಅಕ್ಕನ ಮನೆಗೆ ಹೋಗಿದ್ದಾಳೆಂದು ಕೊಟ್ರಪ್ಪ ಹೇಳಿದರು. ಮಾರ್ಚಿಯ ಮೊದಲ ವಾರ ಒಂದು ಮಧ್ಯಾಹ್ನ ಅಂಗಡಿಗೆ ಬಂದಳು.

"ಏನಕ್ಕ, ದಾವಣಗೆರೆ ಬೆಣ್ಣೆ ದೋಸೆ ತಿಂದ್ಕಂಡು ಅಲ್ಲೇ ಉಳ್ಕಂಡ್ರೇನೋ ಅಂದ್ಕಂಡಿದ್ದೆ," ಎಂದು ನಕ್ಕ ಶೋಭಾರಾಣಿಯ ನಗು ಅರ್ಧಕ್ಕೇ ನಿಂತಿತು.

ಬಸಮ್ಮ ಸೆರಗನ್ನು ಎರಡೂ ಭುಜದ ಮೇಲೆ ಹೊದ್ದುಕೊಂಡಿದ್ದಳು. ಕೈಚೀಲವನ್ನು ಎಡಗೈಯಲ್ಲಿ ಇಳಿಸಿದಳು. ಟೀ ಲೋಟವನ್ನೂ ಎಡಗೈಯಲ್ಲೇ ತೆಗೆದುಕೊಂಡಳು. ಬಲಗೈಯಲ್ಲಿ ಯಾವಾಗಲೂ ಇರುತ್ತಿದ್ದ ಹಸಿರು ಬಳೆಗಳಿರಲಿಲ್ಲ. ಆ ಕೈ ಮಣಿಕಟ್ಟಿನಿಂದ ಮೇಲಕ್ಕೆ ಊದಿಕೊಂಡು ಹೊಳೆಯುತ್ತಿತ್ತು. ಟೀ ಕುಡಿಯಲು ಬಗ್ಗಿದಾಗ ಸೆರಗು ಸ್ವಲ್ಪ ಜಾರಿತು. ಬಲಗಡೆಯ ಬಟ್ಟೆ ಒಳಗೆ ಏನೂ ಇಲ್ಲದಂತೆ ಮಡಿಚಿಕೊಂಡದ್ದು ಶೋಭಾರಾಣಿಗೆ ಕಂಡಿತು.  ಅವಳಿಗೆ ಅರ್ಥವಾಯಿತು, ಪೂರ್ತಿ ಅರ್ಥವಾಯಿತು.

"ಸ್ಪೂರ್ತಿ ಮದುವಿ ಏಪ್ರಿಲ್ ಕೊನೀಗೆ," ಎಂದಳು ಬಸಮ್ಮ. "ಹುಡುಗ ಛಲೋ ಐದಾನ, ಆಕೀನ ಆರಿಸ್ಕೊಂಡಾಳ. ಈಗ ಹೈದರಾಬಾದಿನಾಗ ಕಂಪನಿ ಟ್ರೇನಿಂಗ್ ನಡದೈತಿ, ಮುಂದಿನ ತಿಂಗಳು ಬರ್ತಾಳ. ಅಕ್ಕಿಕಾಳು ಬೀಳೂ ಹೊತ್ನ್ಯಾಗ ನಾ ಆಕಿ ಬಾಜೂಕ ಚೆಂದಾಗಿ ನಿಂದ್ರಬೇಕು ನೋಡು ಶೋಭಾ. ಒಂದು ಫೋಟೋ ಬೇಕು ನನಗ. ಅಷ್ಟ ಸಾಕು." ಚೀಲದಿಂದ ರೇಷ್ಮೆಯ ಬ್ಲೌಸ್ ಪೀಸು ತೆಗೆದು ಮೇಜಿನ ಮೇಲಿಟ್ಟಳು. ಅದರ ಮೇಲೆ ಮೆರೂನ್ ಖಣದ ಹಳೆಯ ಬ್ಲೌಸು ಇಟ್ಟಳು.

ಶೋಭಾರಾಣಿಯ ಕುತ್ತಿಗೆಯಲ್ಲಿ ಟೇಪು ನೇತಾಡುತ್ತಿತ್ತು. ಕೈ ಅದರ ಮೇಲೆ ಹೋಯಿತು. ಒಂದ್ಸಲ ಮೈಯಳತೆ ತಗಂಬಿಡ್ಲಾ ಅಕ್ಕ, ಏನಾಯ್ತು, ಎಂಬ ಮಾತು ನಾಲಗೆಯ ತುದಿಗೇ ಬಂದಿತ್ತು. ಬಸಮ್ಮ ಆ ಕೈಯನ್ನು ನೋಡಿದಳು.

"ಅಳತಿ ಜಂಪರ್ ಐತಲ್ಲ. ಅದರಂಗ ಹೊಲಿ," ಎಂದಳು, ಸ್ವಲ್ಪ ಅವಸರದಲ್ಲಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಇನ್ನೊಂದು ಸಲ ಕೇಳಿದ್ದರೆ ಆಕೆ ಹೇಳುತ್ತಿದ್ದಳೇನೋ. ಶೋಭಾರಾಣಿ ಟೇಪಿನಿಂದ ಕೈ ತೆಗೆದು, "ಆಯ್ತಕ್ಕ, ಅಂಗೇ ಒಲೀತೀನಿ," ಎಂದಳು. ತಾನು ಬಹಳ ಮರ್ಯಾದೆಯಿಂದ ನಡೆದುಕೊಂಡೆ ಎಂದು ಆ ಕ್ಷಣಕ್ಕೆ ಸಮಾಧಾನವೂ ಆಯಿತು. ಅದನ್ನು ನೆನೆದರೆ ಈಗಲೂ ಅವಳಿಗೆ ತನ್ನ ಮೇಲೆ ಅಸಹ್ಯವಾಗುತ್ತದೆ.

ಮೂರು ದಿನ ಹೊಲಿದಳು. ಅಷ್ಟು ಮನಸ್ಸಿಟ್ಟು ಯಾವುದನ್ನೂ ಹೊಲಿದವಳಲ್ಲ. ಮೆರೂನ್ ಬ್ಲೌಸನ್ನು ಹಾಸಿ, ಬಾಗುವ ಪಟ್ಟಿಯನ್ನು ಕಂಕುಳ ಸುತ್ತಿಗೆ ಎರಡು ಸಲ ಕೂರಿಸಿ ನೋಡಿ, ಕೂದಲೆಳೆ ಆಚೀಚೆಯಾಗದಂತೆ ಇಳಿಸಿಕೊಂಡಳು. ಕತ್ತರಿ ಹಾಕುವಾಗ ಊದಿದ ಆ ಕೈ ಕಣ್ಣ ಮುಂದೆ ಬಂತು. ಬಲಗಡೆ ಒಂದಿಂಚು ಸಡಿಲ ಬಿಡಲೇ ಎಂದುಕೊಂಡಳು. ಬಿಟ್ಟರೆ ಕಂಡೆ ಎಂದು ಹೇಳಿದಂತೆಯೇ ಅಲ್ಲವೇ? ಬಸಮ್ಮ ಬೇಡವೆಂದದ್ದು ಅದನ್ನೇ ಅಲ್ಲವೇ? ಹಾಗೆ ಯೋಚಿಸಿ, ಇದ್ದ ಹಾಗೇ ಕತ್ತರಿಸಿದಳು. ಬಾಗಿದ ಕಡೆ ಸೊಟ್ಟ ಬರದಿರಲೆಂದು ಅಂಚಿನುದ್ದಕ್ಕೂ ಕತ್ತರಿಯ ತುದಿಯಿಂದ ಸಣ್ಣ ಸಣ್ಣ ಕಚ್ಚು ಕೊಟ್ಟಳು. ಅಲ್ಲಿಗೆ ಮುಗಿಯಿತು. ಪಕ್ಕದ ಹೊಲಿಗೆಯನ್ನು ಬಿಚ್ಚಿ ಸಡಿಲ ಮಾಡಬಹುದು, ಕಚ್ಚು ಕೊಟ್ಟ ಕಂಕುಳನ್ನು ದೇವರು ಬಂದರೂ ದೊಡ್ಡದು ಮಾಡಲಾಗುವುದಿಲ್ಲ. ಹೊಲಿದ ಬ್ಲೌಸನ್ನು ಕೊಟ್ರಪ್ಪ ಬಂದು ಒಯ್ದರು. ಎಂಥ ಚೆಲುವಾದ ಬ್ಲೌಸು ಅದು!

ಮದುವೆ ವರ್ತೂರು ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ. ಸುಡುವ ಬಿಸಿಲು, ಫ್ಯಾನಿನಿಂದಲೂ ಬಿಸಿಗಾಳಿ. ಶೋಭಾರಾಣಿ ಒಳಗೆ ಹೋಗಿ ಮೊದಲು ಹುಡುಕಿದ್ದು ಬಸಮ್ಮನನ್ನು. ಅವಳು ವೇದಿಕೆಯ ಪಕ್ಕದಲ್ಲಿ ನಿಂತಿದ್ದಳು, ಉಣ್ಣೆಯ ದಪ್ಪ ಶಾಲು ಹೊದ್ದುಕೊಂಡು. ಹಣೆಯ ವಿಭೂತಿ ಬೆವರಿನಲ್ಲಿ ಇಳಿಯುತ್ತಿತ್ತು. ನೆಂಟರು ನಗುತ್ತಿದ್ದರು. "ಏನ್ ಬೀಗತಿ, ಊಟಿಗೆ ಹೊಂಟೀಯೇನು?" ಎಂದು ಯಾರೋ ಕೂಗಿದರು. ಫೋಟೋದವನು "ಅಮ್ಮಾ, ಆ ಶಾಲು ತೆಗೀರಿ, ಹುಡುಗಿ ಪಕ್ಕ ಬನ್ನಿ," ಎಂದ. ಒಬ್ಬಾಕೆ ಸಲುಗೆಯಿಂದ ಶಾಲಿನ ತುದಿ ಹಿಡಿದು ಎಳೆದೇಬಿಟ್ಟಳು. ಬಸಮ್ಮ ಅದನ್ನು ಕಿತ್ತುಕೊಂಡು, ಯಾರನ್ನೂ ನೋಡದೆ ಇಳಿದು ಕೋಣೆಗೆ ಹೋದಳು.

ಶೋಭಾರಾಣಿ ಹಿಂದೆಯೇ ಹೋದಳು. ಬಾಗಿಲಿಗೆ ಚಿಲಕ ಹಾಕಿ ಬಸಮ್ಮ ಶಾಲು ತೆಗೆದಳು.

ಬಲಗೈ ಬ್ಲೌಸಿನ ಕಂಕುಳಿನಲ್ಲಿ ಸಿಕ್ಕಿಕೊಂಡಿತ್ತು. ಹೊಲಿಗೆ ಹೋಗಿ ರೇಷ್ಮೆ ಪಿಸಿದು, ಒಳಗಿನ ಚರ್ಮಕ್ಕೆ ಕೆಂಪಗೆ ಬರೆ ಬಿದ್ದಿತ್ತು. ಎದೆಯ ಬಲಗಡೆ ತುಂಬಿಕೊಂಡಿದ್ದ ಬಟ್ಟೆಯ ಉಂಡೆ ನಿಲ್ಲದೆ ಕುತ್ತಿಗೆಯ ಹತ್ತಿರ ಸರಿದಿತ್ತು. ಅದಿದ್ದ ಜಾಗದಲ್ಲಿ ಬ್ಲೌಸು ಕುಸಿದಿತ್ತು. ಶೋಭಾರಾಣಿ ತಾನೇ ಹೊಲಿದ ಬ್ಲೌಸನ್ನು ನೋಡಲಾರದೆ ಮುಖ ತಿರುಗಿಸಿದಳು.

"ಜನವರಿಯಾಗ ಕ್ಯಾನ್ಸರ್ ಅಂತ ತಗದ್ರು, ಆಗಿಂದ ಕೈ ಹಿಂಗ ಊದೈತಿ," ಎಂದಳು ಬಸಮ್ಮ. "ನಮ್ಮನಿಯವರಿಗೆ ಬಿಟ್ರ ಯಾರಿಗೂ ಗೊತ್ತಿಲ್ಲ. ಮಗಳಿಗೂ ಗೊತ್ತಿಲ್ಲ. ತಾಯಿಗೆ ಹಿಂಗಾದ್ರ ನಾಳೆ ಮಗಳಿಗೂ ಬರತೈತಿ ಅಂತ ಮಂದಿ ಮಾತಾಡ್ತಾರವಾ. ಗೊತ್ತಾದ್ರ ಈಕೀನ ಮದುವಿ ಬ್ಯಾಡ ಅಂತಾಳ. ಡಾಕ್ಟರ್ ಇನ್ನೂ ಇಂಜೆಕ್ಷನ್ ಹಾಕ್ಬೇಕಂತಾರ. ಮದುವಿ ಮುಗೀಲಿ, ಆಮೇಲೆ ಹಾಕ್ರಿ ಅಂದೀನಿ."

"ಅಕ್ಕಾ, ನನ್ ತಪ್ಪು..."

"ನಿಂದೇನ್ ತಪ್ಪು? ಅಳತಿ ಕೊಟ್ಟಾಕಿ ನಾನು. ಮೊದ್ಲ ತೊಟ್ಟು ನೋಡೂ ಧೈರ್ಯಾನೂ ಆಗಲಿಲ್ಲ."

 ಶೋಭಾರಾಣಿ ಪರ್ಸಿನಲ್ಲಿ ಯಾವಾಗಲೂ ಇರುವ ಸೂಜಿ ದಾರ ತೆಗೆದು ಪಕ್ಕದ ಹೊಲಿಗೆ ಬಿಚ್ಚತೊಡಗಿದಳು. ಅವಳದೇ ಬಿಗಿಯಾದ ಹೊಲಿಗೆ, ಬೇಗ ಬಿಚ್ಚಿಕೊಳ್ಳಲಿಲ್ಲ. ಹೊರಗೆ ವಾಲಗದ ಸದ್ದು ಏರುತ್ತಿತ್ತು. ಆಗ ಯಾರೋ ಬಾಗಿಲು ಬಡಿದರು.

"ಅಮ್ಮಾ! ಬಾಗ್ಲಾ ತಗಿ!" ಸ್ಪೂರ್ತಿಯ ದನಿ. "ಎಲ್ಲಾರೂ ಕೇಳಾಕ ಹತ್ಯಾರ. ಏನಾಗೇತಿ ನಿನಗ? ಹೇಳು! ಹೇಳ್ತೀಯೋ ಇಲ್ಲೋ?"  ಮತ್ತೆ ಬಡಿದಳು. "ಇವತ್ತೊಂದು ದಿನ ನನ್ನ ಬಾಜೂಕ ನಿಂದ್ರಾಕ ಆಗಲ್ಲೇನು? ಎಲ್ಲಾರ ಮುಂದ ನನ್ನ ಮಾರಿ ಕೆಳಗ ಮಾಡಿದಿ. ಬರಬ್ಯಾಡ ಹೋಗು! ಅಲ್ಲೇ ಇರು!"

ಗೆಜ್ಜೆಯ ಸದ್ದು ದೂರವಾಯಿತು. ಬಸಮ್ಮ ಗೋಡೆಗೊರಗಿ ಕಣ್ಣು ಮುಚ್ಚಿದಳು. ಶೋಭಾರಾಣಿ ಬಿಚ್ಚಿದ ಕಡೆ ಸಡಿಲ ಬಿಟ್ಟು ಮತ್ತೆ ಹೊಲಿಯತೊಡಗಿದಳು. ಅರ್ಧ ಹೊಲಿಗೆ ಮುಗಿಯುವಷ್ಟರಲ್ಲಿ ವಾಲಗ ಜೋರಾಗಿ ಎದ್ದಿತು, ಜನ ಹೋ ಎಂದರು. ಅಕ್ಕಿಕಾಳು ಬಿದ್ದವು. ಮಗಳ ತಲೆಯ ಮೇಲೆ ತಾಯಿ ಹಾಕಬೇಕಾಗಿದ್ದ ಕಾಳು ಬಸಮ್ಮನ ಎಡಗೈಯ ಮುಷ್ಟಿಯಲ್ಲೇ ಉಳಿದವು.

ಮದುವೆಯಾಗಿ ಹದಿನೈದು ದಿನಕ್ಕೆ ಕೊಟ್ರಪ್ಪ ಮಗಳಿಗೆ ವಿಷಯ ಹೇಳಿದರು. ಸ್ಪೂರ್ತಿ ಗಂಡನ ಜೊತೆ ಓಡಿ ಬಂದಳಂತೆ, ಬಹಳ ಅತ್ತಳಂತೆ, ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದಳಂತೆ. ಇದೆಲ್ಲ ಬಸಮ್ಮನೇ ಜೂನಿನಲ್ಲಿ ಅಂಗಡಿಗೆ ಬಂದು ಹೇಳಿದ್ದು. ತಲೆಗೆ ಸ್ಕಾರ್ಫು ಸುತ್ತಿಕೊಂಡಿದ್ದಳು, ಹುಬ್ಬು ಸಹ ಉದುರಿದ್ದವು.

"ಡಾಕ್ಟರ್ ಬೈದ್ರವಾ. ಆಪರೇಷನ್ ಆಗಿ ನಾಕು ತಿಂಗಳು ಯಾಕ ಸುಮ್ಮನ ಕುಂತಿದ್ರಿ, ಎರಡು ತಿಂಗಳು ಮೊದ್ಲ ಬಂದಿದ್ರೂ ಒಂದು ಮಾತಿತ್ತು ಅಂದ್ರು," ಎಂದು ನಕ್ಕಳು.

ಆಸ್ಪತ್ರೆಗೆ ಸೇರಿದ್ದು ಮೇನಲ್ಲಿ, ಅದಕ್ಕೆ ಎರಡು ತಿಂಗಳು ಮೊದಲು ಎಂದರೆ ಮಾರ್ಚಿ. ಟೀ ಲೋಟ ಎಡಗೈಯಲ್ಲಿ ಹಿಡಿದ ಮಧ್ಯಾಹ್ನ. ಆವತ್ತು ಕೇಳಿದ್ದರೆ ಹೇಳುತ್ತಿದ್ದಳೋ ಇಲ್ಲವೋ ದೇವರೇ ಬಲ್ಲ. ಹೇಳಿದ್ದರೆ ಕೈ ಹಿಡಿದು ಎಳೆದುಕೊಂಡಾದರೂ ಹೋಗಬಹುದಿತ್ತಲ್ಲ? ಈ ಲೆಕ್ಕ ಆ ದಿನದಿಂದ ಶೋಭಾರಾಣಿಯನ್ನು ಬಿಡಲಿಲ್ಲ. ಆದರೆ ಜೂನಿನ ಆ ದಿನವೂ ಅವಳು ಬಾಯಿ ಬಿಟ್ಟು, ನಾನು ಕಂಡಿದ್ದೆ ಅಕ್ಕ, ಎಂದು ಹೇಳಲಿಲ್ಲ.

"ಈಗ ಅಳತಿ ತಗೋ," ಎಂದಳು ಬಸಮ್ಮ. "ಮೈಯಳತಿ."

ಶೋಭಾರಾಣಿ ಶಟರು ಇಳಿಸಿ ದೀಪ ಹಾಕಿದಳು. ಟೇಪು ಇಲ್ಲಿ ಪ್ರಯೋಜನವಿಲ್ಲ. ಟೇಪಿಗೆ ಸುತ್ತಳತೆ ತಿಳಿಯುತ್ತದೆ, ಉಬ್ಬು ತಗ್ಗು ತಿಳಿಯುವುದಿಲ್ಲ. ಶೋಭಾರಾಣಿ ಬಾಗುವ ಪಟ್ಟಿಯನ್ನು ಕೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಎಡಗಡೆ ಎದೆಯ ಮೇಲೆ ಮೆಲ್ಲನೆ ಒತ್ತಿದಳು. ಎತ್ತಿ ಕಾಗದದ ಮೇಲಿಟ್ಟು ಗೀರೆಳೆದಳು. ಮತ್ತೆ ಪಟ್ಟಿಯನ್ನು ನೆಟ್ಟಗೆ ಮಾಡಿ ಬಲಗಡೆ ಇಟ್ಟಳು. ಹೊಲಿಗೆಯ ಗುರುತು ಎದೆಯ ಮಧ್ಯದಿಂದ ಕಂಕುಳಿನವರೆಗೆ ಹೋಗಿತ್ತು. ಡಾಕ್ಟರು ಹಾಕಿದ ಹೊಲಿಗೆ ಅಷ್ಟೇನೂ ನೀಟಾಗಿರಲಿಲ್ಲ ಎಂದು ಕಸುಬಿನ ಕಣ್ಣು ಆಗಲೂ ಗಮನಿಸಿತು. ಪಟ್ಟಿಯನ್ನು ಎತ್ತಿ ಕಾಗದದ ಮೇಲಿಟ್ಟು ಎರಡನೆಯ ಗೀರೆಳೆದಳು. ಒಂದು ಏರಿ ಇಳಿದಿತ್ತು. ಇನ್ನೊಂದು ಸ್ವಲ್ಪ ದೂರ ಮಟ್ಟಸವಾಗಿ ಹೋಗಿ ಕಂಕುಳಿನ ಕೆಳಗೆ ತಗ್ಗಾಗಿತ್ತು.

ಬಸಮ್ಮ ಬಗ್ಗಿ ನೋಡಿದಳು. "ಇಷ್ಟ ಏನು?" ಎಂದಳು. ಎರಡು ಗೀರುಗಳ ನಡುವಿನ ಜಾಗದ ಮೇಲೆ ಬೆರಳಾಡಿಸಿದಳು. "ಇಷ್ಟಕ್ಕ ನಾ ಎಷ್ಟ್ ಹೆದರಿದ್ದೆ ನೋಡು."

ಆ ನಡುವಿನ ಜಾಗವನ್ನು ತುಂಬುವ ಕೆಲಸ ಒಂದು ವಾರ ಹಿಡಿಯಿತು. ಹತ್ತಿ ಉಂಡೆ ಸರಿದಾಡುತ್ತದೆ, ಅಂಗಡಿಯ ಸ್ಪಂಜು ಬೆವರಿಗೆ ಕಚ್ಚುತ್ತದೆ. ದಾರಿ ತೋರಿದವಳು ಬಸಮ್ಮನೇ. ಅವಳ ಕಡೆ ಹಳೆಯ ಸೀರೆಗಳನ್ನು ಪದರ ಪದರ ಹಾಸಿ ಕೌದಿ ಹೊಲಿಯುತ್ತಾರೆ. ಎಷ್ಟು ಒಗೆದರೂ ಒಳಗಿನ ಪದರ ಜರುಗುವುದಿಲ್ಲ. ಬಸಮ್ಮನ ಹಳೆಯ ವಾಯಿಲ್ ಸೀರೆಯನ್ನು ಎಡಗಡೆಯ ಗೀರಿಗೆ ಸರಿಯಾಗಿ ಬಿಲ್ಲೆ ಬಿಲ್ಲೆಯಾಗಿ, ಒಂದಕ್ಕಿಂತ ಒಂದು ಚಿಕ್ಕದಾಗಿ ಕತ್ತರಿಸಿದರು. ಒಂದರ ಮೇಲೊಂದು ಹಾಸಿ, ಹೊರಗಿನಿಂದ ಒಳಕ್ಕೆ ಸುತ್ತ ಸುತ್ತ ಸಣ್ಣ ಎಳೆಹೊಲಿಗೆ ಹಾಕಿದರು. ಎಡಗೈಯಲ್ಲಿ ಸೂಜಿ ಹಿಡಿದು ಬಸಮ್ಮನೂ ನಾಲ್ಕು ಸುತ್ತು ಹಾಕಿದಳು. ಆದರೆ ಹಗುರಾಯಿತು, ಎಡಕ್ಕೆ ಬಲ ಸಮನಾಗಲಿಲ್ಲ.

"ಕೌದಿ ಮುಗಿಸೂ ಮುಂದ ನಮ್ಮವ್ವ ಮೂಲ್ಯಾಗ ರೊಟ್ಟಿ ಚೂರು ಇಟ್ಟು ಹೊಲೀತಿದ್ಲು. ಕೌದಿ ಹೊಟ್ಟಿ ಖಾಲಿ ಬಿಡಬಾರದಂತ," ಎಂದಳು ಬಸಮ್ಮ. "ಒಂದು ಹಿಡಿ ಕಾಳು ಹಾಕೋಣೇನು?"

ಶೋಭಾರಾಣಿ ಅಡುಗೆಮನೆಯಿಂದ ರಾಗಿ ತಂದಳು.

"ಹೋಗಲೇ! ಐವತ್ತೈದು ವರ್ಷ ಜ್ವಾಳಾ ತಿಂದ ಎದಿ ಇದು. ರಾಗಿ ತುಂಬ್ತೀಯಾ?"

"ನಮ್ಮೂರ್ಗೆ ಬಂದು ಅದ್ನಾಲ್ಕು ವರ್ಸ ಆಯ್ತಲ್ಲಕ್ಕ, ಇನ್ನಾದ್ರೂ ರಾಗಿ ಅರಗ್ಸ್ಕೊಳ್ಳಿ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೊನೆಗೆ ರಾಗಿಯೇ ಬಿತ್ತು. ಅಳತೆ ಬ್ಲೌಸಿನ ಹಂಗಿಲ್ಲದೆ ಹೊಸ ಬ್ಲೌಸು ಹೊಲಿದಾಯಿತು. ಬಲಗಡೆಯ ಕಂಕುಳು ಅಗಲ, ಒಳಗೊಂದು ಜೇಬು, ಜೇಬಿನಲ್ಲಿ ಆ ಪುಟ್ಟ ಕೌದಿ. ಬಸಮ್ಮ ಅದನ್ನು ತೊಟ್ಟು, ಸೆರಗಿನ ನೆರಿಗೆ ಮಡಿಚಿ, ಪಿನ್ನು ಹಾಕಿ ಕನ್ನಡಿಯ ಮುಂದೆ ನಿಂತಳು. ಬಹಳ ಹೊತ್ತು ನಿಂತಳು.

"ಇದು ಏಪ್ರಿಲ್‌ನಾಗ ಇದ್ದಿದ್ರ," ಎಂದವಳು ಅಲ್ಲಿಗೇ ನಿಲ್ಲಿಸಿ, "ಇರ್ಲಿ ಬಿಡು. ಭಾಳ ಛಲೋ ಆಗೇತಿ," ಎಂದಳು.

ಆ ಬ್ಲೌಸನ್ನು ದಸರೆಗೊಂದು ಸಲ, ದೀಪಾವಳಿಗೊಂದು ಸಲ ತೊಟ್ಟಳು. ಕಾರ್ತಿಕ ಮುಗಿಯುವ ಹೊತ್ತಿಗೆ ಬೆನ್ನು ನೋವೆಂದು ಮಲಗಿದಳು. ಮೂಳೆಗೆ ಇಳಿದಿದೆ ಎಂದರು ಡಾಕ್ಟರು. ಜನವರಿ ದಾಟಲಿಲ್ಲ.

ಮಣ್ಣಿಗೆ ಕೊಟ್ಟೂರಿಗೇ ಒಯ್ದರು. ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಸ್ಪೂರ್ತಿ ಅಂಗಡಿಗೆ ಬಂದಳು. ಆಫೀಸಿನ ಐಡಿ ಕಾರ್ಡು ಇನ್ನೂ ಕುತ್ತಿಗೆಯಲ್ಲೇ ಇತ್ತು. ಬೆಂಗಳೂರಲ್ಲೇ ಬೆಳೆದ ಹುಡುಗಿ, ತಾಯಿಯ ಜೊತೆ ಒಂದು ಮಾತು, ಹೊರಗಿನವರ ಜೊತೆ ಇನ್ನೊಂದು. ಮೇಜಿನ ಮೇಲೆ ಹೊಸದೊಂದು ಇಳಕಲ್ ಸೀರೆ ಇಟ್ಟಳು.

"ಅಮ್ಮ ಹೇಳಿದ್ಲು ಆಂಟಿ, ನಿಮಗೆ ಇದನ್ನ ಕೊಡ್ಬೇಕು ಅಂತ. ಮದ್ವೆ ದಿನ ನನ್ನ ಹತ್ರ ಇದ್ದೋಳು ಶೋಭಾ ಒಬ್ಳೇ ಅಂತಿದ್ಲು. ತುಂಬಾ ಥ್ಯಾಂಕ್ಸ್ ಆಂಟಿ."

ಶೋಭಾರಾಣಿ ಸೀರೆಯನ್ನು ಮುಟ್ಟಲಿಲ್ಲ. ತಪ್ಪು ತನ್ನದೆಂದು ಬಸಮ್ಮ ಸಾಯುವವರೆಗೂ ಹೇಳಿಕೊಂಡು ಹೋಗಿದ್ದಾಳೆ. ಇವಳು ಸುಮ್ಮನೆ ಕೈಚಾಚಿ ಸೀರೆ ತೆಗೆದುಕೊಂಡರೆ ಕೇಳುವವರು ಯಾರೂ ಇಲ್ಲ. ಸುಮ್ಮನಿರುವುದು ಅವಳಿಗೆ ಬಾರದ ವಿದ್ಯೆಯೂ ಅಲ್ಲ. ಆದರೆ ಆವತ್ತು ಆಗಲಿಲ್ಲ.

"ಈ ಸೀರೆ ನಂಗೆ ಬ್ಯಾಡ ಮಗಾ," ಎಂದಳು. "ನಿಮ್ಮಮ್ಮ ಬ್ಲೌಸ್ ಪೀಸ್ ಕೊಡಕ್ಕೆ ಬಂದ್ರಲ್ಲ ಮಾರ್ಚಿಲಿ, ಅವತ್ತೇ ನಾ ನೋಡ್ಬಿಟ್ಟೆ. ಕೈ ಊದಿತ್ತು. ಬಲಗಡೆ ಇರ್ಲಿಲ್ಲ. ನಂಗೆ ಎಲ್ಲಾ ಗೊತ್ತಾಯ್ತು. ಬಾಯ್ಬಿಟ್ಟು ಏನಾಯ್ತಕ್ಕ ಅಂತ ಒಂದ್ ಮಾತು ಕೇಳ್ಲಿಲ್ಲ. ಗೊತ್ತಿದ್ದೂ ಅಳೇ ಅಳತೆಗೇ ಒಲ್ದೆ. ಕೇಳಿದ್ರೆ ಆಸ್ಪತ್ರೆಗಾದ್ರೂ ಬೇಗ ಓಗ್ತಿದ್ರೇನೋ. ಬೈಯ್ಯಿ ನಂಗೆ. ನಿಮ್ಮಮ್ಮ ಬೈಲಿಲ್ಲ, ನೀನಾದ್ರೂ ಬೈಯ್ಯಿ."

ಸ್ಪೂರ್ತಿ ಬೈಯಲಿಲ್ಲ.  ನಿಧಾನವಾಗಿ ಸ್ಟೂಲಿನ ಮೇಲೆ ಕೂತಳು. 

"ನಾನು ಹೈದ್ರಾಬಾದಿಂದ ಬಂದ ದಿನ," ಎಂದಳು, "ಬಾಗ್ಲಲ್ಲೇ ಅಮ್ಮನ್ನ ತಬ್ಕೊಂಡೆ ಆಂಟಿ. ತಬ್ಕೊಂಡ್ರೆ ಗೊತ್ತಾಗ್ದೇ ಇರುತ್ತಾ?"

ಶೋಭಾರಾಣಿ ಅವಳನ್ನೇ ನೋಡಿದಳು.

"ಮದ್ವೆಗೆ ಇಪ್ಪತ್ತು ದಿನ ಇತ್ತು. ಕೇಳಿದ್ರೆ ಹೇಳ್ಬಿಡ್ತಾಳೆ ಅಂತ ಭಯ. ಹೇಳಿದ್ರೆ ಮದ್ವೆ ನಿಲ್ಲಿಸ್ಬೇಕಾಗುತ್ತೆ. ನಂಗೆ ಮದ್ವೆ ಬೇಕಾಗಿತ್ತು ಆಂಟಿ. ಅದಕ್ಕೆ ಕೇಳ್ಲಿಲ್ಲ. ಆಮೇಲೆ ಅಪ್ಪ ಹೇಳ್ದಾಗ ಹೊಸ್ದಾಗಿ ಕೇಳ್ದೋಳ ಥರ ಅತ್ತೆ. ಅಮ್ಮ ನನ್ನ ತಲೆ ಸವರಿ, ನಿನಗ ಹೇಳದ ತಪ್ಪು ಮಾಡಿದೆವ್ವಾ, ಕ್ಷಮಿಸು ಅಂದ್ಲು. ನನ್ ಹತ್ರ ಕ್ಷಮೆ ಕೇಳಿದ್ಲು."

"ಅಯ್ಯೋ ಮಗಾ."

ಇಷ್ಟು ವರ್ಷದಲ್ಲಿ ಅಂಗಡಿಗೆ ಬಂದ ಯಾವ ಹೆಂಗಸನ್ನೂ ಕೇಳದಿದ್ದ ಶೋಭಾರಾಣಿ ಈಗ ಕೇಳಿದಳು. "ಮತ್ತೆ ಅವತ್ತು ಛತ್ರದಲ್ಲಿ? ಬಾಗ್ಲು ಬಡ್ದು ಏನಾಗೈತೆ ಯೇಳು, ಯೇಳು ಅಂತ ಕೂಗ್ದಲ್ಲ?"

ಸ್ಪೂರ್ತಿ ಸೆರಗಿಲ್ಲದ ತನ್ನ ಎದೆಯ ಮೇಲೆ ಎರಡೂ ಕೈ ಅಡ್ಡ ಇಟ್ಟುಕೊಂಡಳು.

"ಕೂಗ್ತಾ ಇದ್ದೆ," ಎಂದಳು. "ಒಳಗೊಳಗೇ, ಹೇಳದೇ ಇರಲಪ್ಪಾ ದೇವ್ರೇ ಅಂತ ಬೇಡ್ಕೊಳ್ತಾನೂ ಇದ್ದೆ."